ಯಾರ ಹೆಸರೂ ಇಲ್ಲದ ಟ್ಯಾಬ್

ಸುಶೀಲಕುಮಾರರಿಗೆ ಭಾಲ್ಕಿಯಲ್ಲಿ ಸನ್ಮಾನವಾಯಿತು, ಆದರ್ಶ ಶಿಕ್ಷಕರೆಂದು. ಅವರಿಗೆ ಸನ್ಮಾನ ಹೊಸದಲ್ಲ. ಮನೆಯಲ್ಲಿ ಶಾಲುಗಳಿಗೆಂದೇ ಒಂದು ಟ್ರಂಕು ಇದೆ, ಸ್ಮರಣಿಕೆಗಳಿಗೆಂದೇ ಗಾಜಿನ ಬಾಗಿಲಿನ ಕಪಾಟು ಇದೆ. ಆದರೆ ಈ ಸಲ ಶಿಕ್ಷಕರ ಸಂಘದವರು ಫಳಫಳ ಹೊಳೆಯುವ ಫಲಕದ ಬದಲು ಒಂದು ಟ್ಯಾಬ್ ಕೊಟ್ಟುಬಿಟ್ಟರು. ಶಾಲನ್ನು ಹೊದೆಯಬಹುದು, ಫಲಕದ ಧೂಳು ಒರೆಸಬಹುದು. ಟ್ಯಾಬನ್ನು ಏನು ಮಾಡುವುದು? ಅಂಗೈಗೆ ಮೀರಿದ ಫೋನೊಂದು ಅವರ ಬಳಿ ಆಗಲೇ ಇತ್ತು. ಒಂದು ವಾರ ಯೋಚಿಸಿ, ಅದನ್ನು ಎಕಂಬಾದಲ್ಲಿರುವ ತಮ್ಮ ತಾಯಿ ಶೇವಂತಾಬಾಯಿಗೆ ಕೊಡುವುದೆಂದು ತೀರ್ಮಾನಿಸಿದರು. ತೀರ್ಮಾನವನ್ನು ಭಾವಚಿತ್ರ ಸಮೇತ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಅವರ ಹೆಂಡತಿ ಸುಮನ ಮೊದಲು ಕೈಮುಗಿದ ಚಿತ್ರ ಹಾಕಿದಳು. ಆಮೇಲೆ ಎಲ್ಲರೂ ಕೈಮುಗಿದರು.

ಅದನ್ನು ಚಾಲೂ ಮಾಡಿಕೊಡುವ ಕೆಲಸ ಬೀದರದ ನೌಬಾದದಲ್ಲಿದ್ದ ಮಹಾಮಾಯಾಳ ಪಾಲಿಗೆ ಬಂತು. ಅವಳು ಸುಶೀಲಕುಮಾರರ ತಮ್ಮ ಅನಿಲಕುಮಾರನ ಹೆಂಡತಿ. ಅನಿಲ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ಅವಳು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ವಿಶ್ವವಿದ್ಯಾಲಯದ ಗೇಟು ದಾಟಿದವರಿಗೆ ಯಂತ್ರಗಳ ವಿಷಯ ಗೊತ್ತಿರಲೇಬೇಕೆಂದು ಮನೆಯವರು ನಂಬಿದ್ದರು. ಈಗ ಬೀದರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದಮೇಲೆ ಸಂಬಳ ಯಾವಾಗ ಎಂದು ಕೇಳುವುದು ಸಭ್ಯತೆಯಲ್ಲ, ಆದ್ದರಿಂದ ಕಾಲೇಜಿನವರು ಆ ವಿಷಯ ಎತ್ತುತ್ತಿರಲಿಲ್ಲ.

ಡಬ್ಬಿಯನ್ನು ಸುಶೀಲಕುಮಾರರು ತಾವೇ ತಂದುಕೊಟ್ಟರು. ಅನಿಲನ ಬೈಕಿನ ಮೇಲೆ ಬಂದಿದ್ದರು.

"ನೋಡವ್ವ ಮಹಾಮಾಯಾ, ಐತವಾರ ಎಕಂಬಾದಾಗ ಅನಿಲಂದು ವರ್ಷದ ಪುಣ್ಯಾನುಮೋದನ ಅದ. ಅವತ್ತೇ ಅವ್ವನ ಕೈಯಾಗ ಇದು ಕೊಡೋದು. ಇದರಾಗ ಅನಿಲನ ಅಕೌಂಟ್ ಹಾಕು. ಅಂವನ ಫೋಟೊ ಎಲ್ಲಾ ಅದರಾಗೇ ಅವಲ್ಲ, ತಾವೇ ಒಂದಾದ ಮ್ಯಾಲ ಒಂದು ಓಡ್ತಾವ. ಮಂದಿ ನೋಡ್ತಾರ. ಅವ್ವಗೂ ಸಮಾಧಾನ."

"ಬೇರೆ ಅಕೌಂಟ್ ಮಾಡ್ಬಹುದಲ್ರಿ ಭಾವಜಿ."

"ಬೇರೇದು ಯಾಕ? ಅಂವಂದು ಖಾಲಿನೇ ಬಿದ್ದದಲ್ಲ."

ಖಾಲಿ ಬಿದ್ದಿದೆ. ಸುಶೀಲಕುಮಾರರಿಗೆ ಯಾವ ವಸ್ತುವೂ ಖಾಲಿ ಬಿದ್ದಿರುವುದನ್ನು ನೋಡಲಾಗುತ್ತಿರಲಿಲ್ಲ. ಬೈಕನ್ನೂ ಹಾಗೆಯೇ ಒಯ್ದಿದ್ದರು, ನಿಂತಲ್ಲೇ ನಿಂತರೆ ಬ್ಯಾಟರಿ ಹೋಗುತ್ತದೆಂಬ ಕಾಳಜಿಯಿಂದ. ಅನಿಲನ ಕೈಗಡಿಯಾರವನ್ನು ಸುಮನಳ ತಮ್ಮ ನೆನಪಿಗೆಂದು ಇಟ್ಟುಕೊಂಡಿದ್ದ. ಅವನು ಅನಿಲನನ್ನು ಕಂಡದ್ದು ಮದುವೆಯಲ್ಲಿ ಒಂದು ಸಲ, ಅದೂ ಊಟದ ಸಾಲಿನಲ್ಲಿ. ಚಳಿಗಾಲದ ಜರ್ಕಿನ್ ಯಾರು ಒಯ್ದರೋ ಮಹಾಮಾಯಾಳಿಗೆ ನೆನಪಿಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಅವಳು ಹೂಂ ಎನ್ನುತ್ತಿದ್ದಳು. ಕೊಡುವ ಮನಸ್ಸಿನಿಂದಲ್ಲ, ಊಹೂಂ ಎಂದರೆ ಕಾರಣ ಹೇಳಬೇಕಾಗುತ್ತದೆ, ಅಷ್ಟು ಮಾತು ಯಾರು ಆಡುವುದು?

ಉಳಿದದ್ದು ಅಕೌಂಟ್ ಒಂದೇ. ಅದರ ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತು.

ಅದರೊಳಗೆ ಏನಿದೆ ಎಂಬುದೂ ಅವಳೊಬ್ಬಳಿಗೇ ಗೊತ್ತು. ಬೀದರ ಕೋಟೆಯ ಗೋಡೆಗೆ ಒರಗಿ ಅವಳು ಮುಖ ಸೊಟ್ಟ ಮಾಡಿದ ಫೋಟೊಗಳಿವೆ. ತಲೆತುಂಬ ಎಣ್ಣೆ ಹಚ್ಚಿಕೊಂಡು, ನೈಟಿಯಲ್ಲಿ ಕುಳಿತು ಬಾಳೆಹಣ್ಣು ತಿನ್ನುತ್ತ ನಕ್ಕ ಫೋಟೊ ಇದೆ. ಅದನ್ನು ಅಳಿಸು ಎಂದು ಅವಳು ಅನಿಲನ ಬೆನ್ನಿಗೆ ಗುದ್ದಿದ್ದಳು, ಅವನು ಅಳಿಸಿರಲಿಲ್ಲ. ಆಮೇಲೆ ಆಸ್ಪತ್ರೆಯ ಕಾಗದಗಳು, ಸ್ಕ್ಯಾನು, ಮಾತ್ರೆಯ ಪೊಟ್ಟಣಗಳು. ಒಂದು ದಿನ ಯಂತ್ರವೇ ಮುತುವರ್ಜಿಯಿಂದ ಅವನ್ನೆಲ್ಲ ಕೂಡಿಸಿ, ಹಿಂದಿನ ವರ್ಷದ ಸವಿನೆನಪು ಎಂದು ಕುಣಿತದ ಸಂಗೀತ ಹಾಕಿ ತೋರಿಸಿತ್ತು. ಸ್ಕ್ಯಾನಿನ ಕಪ್ಪು ಹಾಳೆಗಳು ಹೂವಿನ ಎಸಳಿನಂತೆ ಒಂದೊಂದಾಗಿ ಜಾರಿದವು. ಕೊನೆಗೆ ನಕ್ಷತ್ರಗಳು ಉದುರಿದವು.

ಇದೆಲ್ಲ ಇರಲಿ. ಹುಡುಕುವ ಪಟ್ಟಿಯಲ್ಲಿ ಒಂದು ಅಕ್ಷರ ಒತ್ತಿದರೆ ಸಾಕು, ಅನಿಲ ಕೊನೆಯ ದಿನಗಳಲ್ಲಿ ಕೇಳಿದ್ದ ಪ್ರಶ್ನೆಗಳು ತಾವಾಗಿಯೇ ಮೂಡುತ್ತಿದ್ದವು. ಆ ಕಾಯಿಲೆಯಾದವರು ಎಷ್ಟು ದಿನ ಇರುತ್ತಾರೆ ಎಂದು ಕೇಳಿದ್ದ. ಗುತ್ತಿಗೆಯ ನೌಕರ ಸತ್ತರೆ ಹೆಂಡತಿಗೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದ್ದ. ಮನೆಯವರೆಲ್ಲ ಸೇರಿ ಅವನಿಗೆ ಕಾಮಾಲೆ ಎಂದೇ ಹೇಳಿಕೊಂಡು ಬಂದಿದ್ದರು. ಅವನೂ ಕಾಮಾಲೆಯೇ ಎಂಬಂತೆ ತಲೆಯಾಡಿಸಿದ್ದ. 'ನನ್ನ ಮಗ ಏನೂ ಗೊತ್ತಿಲ್ಲದಂಗ ಹೋದ' ಎಂಬುದೊಂದೇ ಶೇವಂತಾಬಾಯಿಗೆ ಉಳಿದಿದ್ದ ಸಮಾಧಾನ. ಆ ಅಕೌಂಟನ್ನು ಶಾಲು ಹಾಸಿದ ಕುರ್ಚಿಯ ಮೇಲೆ, ಊರ ಮಂದಿಯ ಮುಂದೆ, ಒಂದಾದ ಮೇಲೆ ಒಂದು ಓಡಿಸಬೇಕೆಂದು ಸುಶೀಲಕುಮಾರರ ಯೋಜನೆ.

ಮಹಾಮಾಯಾ ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. "ಚಾ ಮಾಡ್ತೇನಿ, ಕೂಡ್ರಿ" ಎಂದಳು.

ಅನಿಲನ ಅಕೌಂಟಿಗಿಂತ ಹೆಚ್ಚು ಜೀವಂತವಾಗಿದ್ದದ್ದು ಅನಿಲನ ಫೋನ್ ನಂಬರು. ಅವನು ಔರಾದಿನ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಬಡಿಯುತ್ತಿದ್ದ. ಎಕಂಬಾದವರು ತಮ್ಮ ಹುಡುಗ ಕಚೇರಿಯಲ್ಲಿದ್ದಾನೆಂದು ರೇಶನ್ನು, ಗ್ಯಾಸು, ಪೆನ್ಶನ್ನು ಎಲ್ಲದರ ಅರ್ಜಿಯನ್ನೂ ಅವನ ಕೈಗೇ ಕೊಡುತ್ತಿದ್ದರು. ಮೊಬೈಲ್ ನಂಬರಿನ ಜಾಗ ಬಂದಾಗ ಹಲವರ ಬಳಿ ಫೋನು ಇರುತ್ತಿರಲಿಲ್ಲ. ಇದ್ದವರಿಗೆ ನಂಬರು ನೆನಪಿರುತ್ತಿರಲಿಲ್ಲ, ನೆನಪಿದ್ದವರದು ರಿಚಾರ್ಜ್ ಮುಗಿದಿರುತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು. ಅನಿಲ ತನ್ನ ನಂಬರನ್ನೇ ಹಾಕಿ ಅರ್ಜಿ ಮುಂದೆ ದಬ್ಬುತ್ತಿದ್ದ. ಆಮೇಲೆ ಫೋನು ಕೊಂಡವರೂ ಅದನ್ನು ಬದಲಿಸಲಿಲ್ಲ. ಅನಿಲನ ನಂಬರೆಂದರೆ ಕೆಲಸ ಆಗುತ್ತದೆ ಎಂದು ಎಕಂಬಾದಲ್ಲಿ ಒಂದು ನಂಬಿಕೆಯೇ ಹುಟ್ಟಿಬಿಟ್ಟಿತ್ತು. ಹೀಗಾಗಿ ಅರ್ಧ ಊರಿನ ಒಟಿಪಿ ಒಬ್ಬ ಮನುಷ್ಯನಿಗೆ ಬರುತ್ತಿತ್ತು. ಆ ಮನುಷ್ಯ ಸತ್ತಮೇಲೂ ಬರುತ್ತಲೇ ಇತ್ತು.

ಮಹಾಮಾಯಾ ಆ ಸಿಮ್ಮನ್ನು ಒಂದು ಬಟನ್ ಫೋನಿಗೆ ಹಾಕಿ ಚೀಲದಲ್ಲಿಟ್ಟುಕೊಂಡಿದ್ದಳು. ಬಹಮನಿ ಸುಲ್ತಾನರು ರಾಜಧಾನಿಯನ್ನು ಬೀದರಕ್ಕೆ ತಂದದ್ದನ್ನು ಅವಳು ತರಗತಿಯಲ್ಲಿ ಹೇಳುತ್ತಿರುವಾಗ ಚೀಲದೊಳಗೆ ಕುಂಯ್ ಎನ್ನುತ್ತಿತ್ತು. ಹಿಂದೆಯೇ ಕರೆ.

"ಮಹಾಮಾಯಾಬಾಯಿ, ನಾ ಬಾಬುಮಿಯಾ. ಗ್ಯಾಸ್ ತೊಗೊಂಡು ಅಂವ ಬಾಗಿಲದಾಗ ನಿಂತಾನ್ರಿ. ನಂಬರ್ ಬಂತೇನು?"

ಅವಳು ಸುಲ್ತಾನರನ್ನು ಅಲ್ಲೇ ನಿಲ್ಲಿಸಿ ನಂಬರು ಓದುತ್ತಿದ್ದಳು. ಬಾಬುಮಿಯಾನ ಗ್ಯಾಸು ಒಳಗೆ ಹೋಗುತ್ತಿತ್ತು. ವಿದ್ಯಾರ್ಥಿಗಳು ಇದನ್ನು ಪಠ್ಯದ ಭಾಗವೆಂದೇ ತಿಳಿದಿದ್ದರು. ಅವಳಿಗೂ ಅನಿಲನ ನಂತರ ತನ್ನನ್ನು ಇಷ್ಟು ನಿಯಮಿತವಾಗಿ ವಿಚಾರಿಸುತ್ತಿದ್ದವರು ಬೇರೆ ಯಾರೂ ಇರಲಿಲ್ಲ.

ಟ್ಯಾಬಿನ ಡಬ್ಬಿಯನ್ನು ಅವಳು ಮರುದಿನ ಬಿಚ್ಚಿದಳು. ಗಾಂಧಿ ಗಂಜದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಸಾಜಿದನಿಗೆ ಕೊಟ್ಟರೆ ಚಿಟಿಕೆ ಹೊಡೆಯುವುದರಲ್ಲಿ ಮಾಡಿಕೊಡುತ್ತಿದ್ದ. ಅವನದೊಂದು ಸರಳ ಪದ್ಧತಿ. ಯಾರು ಏನೇ ತಂದರೂ ತನ್ನದೇ ಅಕೌಂಟ್ ಹಾಕಿ ಕೊಟ್ಟುಬಿಡುವುದು. ಅವನ ಮದುವೆಯಾದ ವಾರ ಗಂಜದ ಹಮಾಲರ ಫೋನುಗಳಲ್ಲೆಲ್ಲ ವಲೀಮಾ ಊಟದ ಬಿರಿಯಾನಿಯ ಹಂಡೆಗಳು ಮೂಡಿದ್ದವು. ಕರೆಯದಿದ್ದವರೂ ತೃಪ್ತಿಯಿಂದ ನೋಡಿದ್ದರು.

ಟ್ಯಾಬ್ ಸ್ವಾಗತ ಕೋರಿತು. ಭಾಷೆ ಕೇಳಿತು, ಕೊಟ್ಟಳು. ಆಮೇಲೆ ನೀವು ಯಾರು ಎಂದಿತು. ಪರದೆಯ ತುಂಬ ಅದೇ ಪ್ರಶ್ನೆ. ಕೆಳಗಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳಬಾರದೆಂಬ ಹಾಗೆ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ 'ಸ್ಕಿಪ್ ಮಾಡಿ' ಎಂದಿತ್ತು. ಮಹಾಮಾಯಾ ಒತ್ತಿದಳು.

ಟ್ಯಾಬಿಗೆ ಬೇಸರವಾಯಿತು. ಖಂಡಿತವೇ ಎಂದು ಕೇಳಿತು. ಹೆಸರು ಕೊಡದಿದ್ದರೆ ಏನೇನು ಕಳೆದುಕೊಳ್ಳುತ್ತೀರಿ ಎಂದು ವಿವರಿಸಿತು. ನಿಮ್ಮ ನೆನಪುಗಳು ಸುರಕ್ಷಿತವಾಗಿರುವುದಿಲ್ಲ ಎಂದಿತು. ಅನಿಲ ತೀರಿಕೊಂಡಾಗ ಮನೆಗೆ ಬಂದು ಹೋದ ನೆಂಟರಿಗಿಂತ ಅದರ ದನಿ ಮೆತ್ತಗಿತ್ತು, ಮಾತು ಅದೇ. ಮುಂದೆ ಏನು ಮಾಡ್ತಿ, ಒಬ್ಬಾಕಿ ಹ್ಯಾಂಗ ಇರ್ತಿ, ಯಾರದರೆ ಹೆಸರು ಬೇಕಲ್ಲ ಅಂತ ಅವರೂ ಕೇಳಿದ್ದರು. ಅವರ ಮಾತಿಗೆ ಮೂಲೆಯಲ್ಲಿ ಬೂದು ಅಕ್ಷರ ಇರಲಿಲ್ಲ. ಇಲ್ಲಿ ಇತ್ತು. ಅವಳು ಮತ್ತೆ ಒತ್ತಿದಳು. ಮುಖ ತೋರಿಸಿ ಎಂದಿತು, ಬಿಟ್ಟಳು. ಬೆರಳು ಇಡಿ ಎಂದಿತು, ಬಿಟ್ಟಳು. ಎಲ್ಲಿದ್ದೀರಿ ಎಂದು ತಿಳಿಯಬಹುದೇ ಎಂದಿತು, ಬೇಡವೆಂದಳು. ಕೊನೆಗೆ ಟ್ಯಾಬ್ ಸೋತು ಬಾಗಿಲು ತೆರೆಯಿತು. ಒಳಗೆ ಗಡಿಯಾರ, ಕ್ಯಾಮೆರಾ, ಹಾಡು, ವಿಡಿಯೊ ಎಲ್ಲವೂ ಇದ್ದವು. ಹೆಸರಿಲ್ಲದೆಯೂ ಎಲ್ಲ ನಡೆಯುತ್ತಿತ್ತು. ಅವಳು ಅಕ್ಷರ ದೊಡ್ಡದು ಮಾಡಿದಳು, ದನಿ ಏರಿಸಿದಳು, ಬೇಡದ್ದನ್ನೆಲ್ಲ ಒಂದು ಮೂಲೆಗೆ ತಳ್ಳಿ ವಿಡಿಯೊದ ಗುರುತನ್ನು ನಟ್ಟನಡುವೆ ಇಟ್ಟಳು. ನೋಡಿದ್ದನ್ನು ನೆನಪಿಡುವ ಗುಂಡಿಯನ್ನೂ ಆರಿಸಿದಳು. ವರ್ಷದಲ್ಲಿ ಮೊದಲ ಸಲ ಒಂದು ಕೆಲಸ ಮುಗಿಸಿದಂತೆ ಅನಿಸಿತು.

ಆ ಗುಂಡಿ ಆರಿಸಿದ್ದಕ್ಕೆ ಕಾರಣವಿತ್ತು. ಮುಂಜಾನೆ ಎಕಂಬಾದಿಂದ ಅತ್ತೆಯ ಕರೆ ಬಂದಿತ್ತು, ಪಕ್ಕದ ಮನೆಯ ಅಕ್ತರಬೀಯ ಫೋನಿನಿಂದ. ಶೇವಂತಾಬಾಯಿ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು. ಮಕ್ಕಳನ್ನು ಗದರಿಸಿ ಗದರಿಸಿ ಅವರ ಪಿಸುಮಾತೂ ಊರ ಅಗಸಿ ಬಾಗಿಲವರೆಗೆ ಕೇಳುತ್ತಿತ್ತು.

"ಮಾಯಾ, ಒಂದು ಕೇಳ್ತೇನಿ. ಅದರಾಗ ನಾವು ಏನು ನೋಡಿದ್ವಿ ಅಂಬೋದು ಮಂದಿಗಿ ಗೊತ್ತಾಗ್ತದೇನು?"

"ಏನು ನೋಡ್ತೀರಿ ಅತ್ತಿ?"

"ಏನೂ ಇಲ್ಲ. ಹಂಗೇ ಕೇಳಿದೆ. ಹೌದಿಲ್ಲೊ ಅಕ್ತರಬೀ?"

"ಹೌ ಹೌ, ಹಂಗೇ" ಎಂದು ಹಿಂದಿನಿಂದ ಅಕ್ತರಬೀಯ ದನಿ ಬಂತು. ಇಬ್ಬರೂ ಹಲ್ಲು ಕಚ್ಚಿ ನಗು ತಡೆದದ್ದು ನೌಬಾದಕ್ಕೆ ಕೇಳಿಸಿತು. ಅಂಥದೇನು ನೋಡುತ್ತಾರೆಂದು ಮಹಾಮಾಯಾ ಕೇಳಲಿಲ್ಲ. ಧಮ್ಮದ ಪ್ರವಚನ ಇರಲಿಕ್ಕಿಲ್ಲ ಎಂದಷ್ಟೇ ಅಂದುಕೊಂಡಳು.

ಕೆಲಸವಾಯಿತೆಂದು ಸುಶೀಲಕುಮಾರರಿಗೆ ತಿಳಿಸಿದಾಗ ಅವರಿಗೆ ಸಿಟ್ಟು ಬಂತು.

"ಅಕೌಂಟ್ ಇಲ್ಲದೆ ಹ್ಯಾಂಗ? ಹಾಜರಿಯಾಗ ಹೆಸರೇ ಇಲ್ಲದ ಹುಡುಗ ಬಂದು ಕ್ಲಾಸಿನಾಗ ಕುಂತಂಗ ಆತಲ್ಲ ಇದು!"

"ಹುಡುಗ ಕಲೀಲತ್ತಾನ ಭಾವಜಿ. ಎಲ್ಲಾ ನಡೀಲತ್ತದ."

"ನಡೀಲಿ, ಆದ್ರ ಯಾರದು ಅಂತ ಬ್ಯಾಡೇನು? ನೀ ಬಿಡು. ಐತವಾರ ನಾ ನೋಡ್ತೇನಿ. ಅನಿಲನ ನಂಬರಿಂದು ಫೋನ್ ಮರೀದೆ ತೊಗೊಂಡು ಬಾ."

ಐತವಾರ ಮಹಾಮಾಯಾ ಔರಾದಿನ ಬಸ್ಸು ಹತ್ತಿದಳು. ಟ್ಯಾಬು ತೊಡೆಯ ಮೇಲೆ, ಬಟನ್ ಫೋನು ಚೀಲದಲ್ಲಿ. ಫೋನನ್ನು ಮನೆಯಲ್ಲೇ ಮರೆತೆ ಎನ್ನಬಹುದಿತ್ತು. ಆದರೆ ಅವತ್ತು ಅಕ್ತರಬೀಯ ಪೆನ್ಶನ್ನಿನದೊಂದು ನಂಬರು ಬರುವುದಿತ್ತು, ಮರೆತರೆ ಮುದುಕಿ ಮತ್ತೆ ಔರಾದಿಗೆ ಅಲೆಯಬೇಕು. ಸುಳ್ಳು ಹೇಳಲೂ ಕೆಲವರಿಗೆ ಬಿಡುವು ಸಿಗುವುದಿಲ್ಲ.

ಎಕಂಬಾದ ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಜಮಖಾನೆ ಹಾಸಿದ್ದರು. ಬುದ್ಧ ವಂದನೆಯಾಯಿತು. ಸುಶೀಲಕುಮಾರರು ತಮ್ಮನ ಬಗ್ಗೆ ಮಾತಾಡಿದರು. ಅನಿಲ ಚಿಕ್ಕವನಿದ್ದಾಗಿಂದ ಅಣ್ಣನ ಮಾತು ಮೀರಿದವನಲ್ಲ ಎಂದು ಶುರುಮಾಡಿ, ಆ ಅಣ್ಣನಿಗೆ ಭಾಲ್ಕಿಯಲ್ಲಿ ಸನ್ಮಾನವಾದ ಬಗೆಗೆ ಬಂದು, ಅಲ್ಲಿಯೇ ಬಹಳ ಹೊತ್ತು ನಿಂತರು. ಆಮೇಲೆ ಟ್ರಂಕಿನಿಂದ ತಂದ ಶಾಲನ್ನು ಕುರ್ಚಿಗೆ ಹಾಸಿ, ಅನಿಲನ ಫೋಟೊದ ಪಕ್ಕ ಟ್ಯಾಬನ್ನು ಕೂರಿಸಿದರು. ಮಂದಿ ಊಟಕ್ಕೆ ಏಳುವುದನ್ನು ಮುಂದೂಡಿ ನೋಡತೊಡಗಿದರು.

"ಈಗ ಇದರಾಗ ನಮ್ಮ ಅನಿಲ ಬರ್ತಾನ" ಎಂದರು ಸುಶೀಲಕುಮಾರರು.

"ಇವತ್ತರೆ ಟೈಮಿಗಿ ಸರಿ ಬರ್ತಾನೇನು?" ಎಂದು ಹಿಂದಿನಿಂದ ಕೈಲಾಶ ಕೇಳಿದ. ಅವನು ಅನಿಲನ ಜೊತೆ ಸಾಲಿ ಕಲಿತವನು, ಊರಲ್ಲಿ ಟೆಂಪೊ ಓಡಿಸುತ್ತಾನೆ. ಯಾರೂ ನಗಲಿಲ್ಲ, ಮಹಾಮಾಯಾಳಿಗೆ ಮಾತ್ರ ನಗು ಬಂದಂತಾಗಿ ನಿಂತಿತು.

ಸುಶೀಲಕುಮಾರರು ಟ್ಯಾಬಿಗೆ ತಮ್ಮ ಫೋನಿನ ನೆಟ್ ಜೋಡಿಸಿ, ಅನಿಲನ ಮೇಲ್ ಐಡಿಯನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದುತ್ತ ಒತ್ತಿದರು. ಟ್ಯಾಬ್ ಪಾಸ್‌ವರ್ಡ್ ಕೇಳಿತು. ಅವರು ಮಹಾಮಾಯಾಳ ಕಡೆ ನೋಡಿದರು. ಅವಳು ಬೇವಿನ ಮರದ ಕಡೆ ನೋಡಿದಳು.

"ಅಡ್ಡಿ ಇಲ್ಲ. ಮರ್ತೀನಿ ಅಂತ ಒತ್ತಿದ್ರ ಆತು. ಸಾಲ್ಯಾಗ ದಿನಾ ಮಾಡ್ತೇವಿ" ಎಂದು ಅವರೇ ಒತ್ತಿದರು. "ಅನಿಲನ ನಂಬರಿಗಿ ಆರು ಅಂಕಿ ಬರ್ತಾವ. ಅವು ಹೇಳವ್ವ, ಮುಗೀತು."

ಮುಗಿಯಲು ಆರು ಅಂಕಿ ಸಾಕು. ಅವಳು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಚೀಲದೊಳಗೆ ಕುಂಯ್ ಎಂದಿತು.

ಆ ದನಿ ಎಕಂಬಾದವರಿಗೆ ಹೊಸದು. ಇಷ್ಟು ದಿನ ಅದು ಬೀದರದಲ್ಲಿ ಆಗುತ್ತಿತ್ತು, ಅವರಿಗೆ ಅಂಕಿಗಳಷ್ಟೇ ಸಿಗುತ್ತಿದ್ದವು. ಇವತ್ತು ಫೋನೇ ಕಣ್ಣೆದುರು ಬಂದು ಕೂಗಿತ್ತು. ಜಮಖಾನೆಯ ಮೇಲೆ ಅರ್ಧ ಮಂದಿ ಎದ್ದು ನಿಂತರು.

"ಬಂತು ನೋಡ್ರಿ ನಂದು!" ಎಂದ ಬಾಬುಮಿಯಾ. "ಮುಂಜಾನೆ ಗ್ಯಾಸ್ ಹಚ್ಚೀನಿ."

"ಐತವಾರ ಯಾವ ಗ್ಯಾಸ್ ಚಾಚಾ? ಅದು ನನ್ನ ರೇಶನ್ ಕಾರ್ಡಿಂದು" ಎಂದ ಕೈಲಾಶ.

"ಇಬ್ಬರೂ ಸರೀರಿ. ಅದು ನಂದು, ಸ್ಕಾಲರ್‌ಶಿಪ್ಪಿಂದು. ಇವತ್ತೇ ಕಡೀ ದಿನ ಅದ" ಎಂದು ಉಮಾಶ್ರೀ ಮುಂದೆ ನುಗ್ಗಿದಳು. ಅವಳು ಶೇವಂತಾಬಾಯಿಯ ತಂಗಿಯ ಮಗಳು, ಅದೇ ಮನೆಯಲ್ಲಿದ್ದು ಔರಾದಿನ ಕಾಲೇಜಿಗೆ ಹೋಗುತ್ತಾಳೆ.

"ಅರೆ ಬೇಟಾ, ಮೊದಲ ನನ್ನ ಪೆನ್ಶನ್ ನೋಡವ್ವ" ಎಂದಳು ಅಕ್ತರಬೀ, ಕುಳಿತಲ್ಲಿಂದಲೇ ಕೈ ಚಾಚಿ.

"ಯಾರದೂ ಅಲ್ಲ ಅದು!" ಎಂದು ಸುಶೀಲಕುಮಾರರು ಕೂಗಿದರು. "ಅದು ಅನಿಲಂದು!"

"ಅನಿಲಂದು ಅಂದ್ರ ನಮ್ಮದೇ ಅಲ್ರಿ ಮಾಸ್ತರ್?" ಎಂದ ಬಾಬುಮಿಯಾ. ಅವನಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. "ಅಂವನ ನಂಬರಿಗಿ ಬಂದಿದ್ದು ಎಲ್ಲಾ ನಮ್ಮದೇ ಇರ್ತಾವ."

"ಮಹಾಮಾಯಾ, ನೀ ಅಂಕಿ ಹೇಳು, ಟೈಮ್ ಹೊಂಟದ!"

"ಎಲ್ಲರ ಮುಂದ ಹೇಳ್ಬ್ಯಾಡ್ರಿ ವೈನಿ" ಎಂದಳು ಉಮಾಶ್ರೀ. "ಒಟಿಪಿ ಯಾರಿಗೂ ಹೇಳಬಾರದು ಅಂತ ಅವರೇ ಬರ್ದಿರ್ತಾರ."

"ಈ ಊರಾಗ ಒಟಿಪಿ ಯಾರಿಗಿ ಹೇಳದೆ ಉಳದದ?" ಎಂದ ಕೈಲಾಶ. "ನನ್ನ ಒಟಿಪಿ ಬಾಬುಮಿಯಾಗ ಬಾಯಿಪಾಠ ಅದ."

ಬಾಬುಮಿಯಾಗೆ ಇದು ಅವಮಾನವೆನಿಸಿತು. ಹೋದ ತಿಂಗಳು ಕೈಲಾಶನ ಅಂಕಿಯನ್ನು ತನ್ನ ಅಂಕಿ ಎಂದು ಹೇಳಿ ಗ್ಯಾಸಿನವನ ಮುಂದೆ ಮಾನ ಹೋದದ್ದನ್ನು ಅವನು ಮೊದಲಿಂದ ಹೇಳತೊಡಗಿದ. ಕೈಲಾಶ ನಡುನಡುವೆ ತಿದ್ದಿದ. ಅಕ್ತರಬೀ ಇಬ್ಬರನ್ನೂ ಬೈದಳು. ಮಹಾಮಾಯಾ ಫೋನು ತೆಗೆದು ನೋಡಿದಳು. ಆರು ಅಂಕಿಗಳು. ಬೈಕು ಹೋದಾಗ, ಗಡಿಯಾರ ಹೋದಾಗ ಹೂಂ ಎಂದದ್ದು ಎಷ್ಟು ಸುಲಭವಿತ್ತು. ಈಗಲೂ ಸುಲಭವೇ. ಓದಿಬಿಟ್ಟರೆ ಎಲ್ಲರೂ ಸುಮ್ಮನಾಗುತ್ತಾರೆ, ಊಟಕ್ಕೆ ಏಳುತ್ತಾರೆ. ಅವಳು ಫೋನನ್ನು ಅಂಗೈಯಲ್ಲಿ ಬೋರಲು ಹಾಕಿಕೊಂಡು ಕುಳಿತಳು. ಬಾಬುಮಿಯಾನ ಕತೆ ಮುಗಿಯುವಷ್ಟರಲ್ಲಿ ಟ್ಯಾಬ್ ತಾನೇ ಸಮಯ ಮೀರಿದೆ ಎಂದಿತು.

"ಹೋತು!" ಎಂದರು ಸುಶೀಲಕುಮಾರರು. "ಇರ್ಲಿ, ಮತ್ತ ಕಳಸ್ತೇನಿ. ಈ ಸಲ ಯಾರೂ ಮಾತಾಡಂಗಿಲ್ಲ."

"ತಡಿ" ಎಂದರು ಶೇವಂತಾಬಾಯಿ.

ಅಷ್ಟು ಹೊತ್ತು ಅವರು ಮಗನ ಫೋಟೊದ ಪಕ್ಕ ಗೋಡೆಗೊರಗಿ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಅಂಗನವಾಡಿಯ ದನಿ ಹೊರಬಿದ್ದದ್ದರಿಂದ ಅಂಗಳವೆಲ್ಲ ಕೈಕಟ್ಟಿ ಕುಳಿತಂತಾಯಿತು.

"ಮಾಯಾ, ನೀ ಹೇಳು. ಅಂವನ ಅಕೌಂಟ್ ಅಂಬೋದು ಅದರಾಗ ಹಾಕಿದ್ರ ಏನಾಗ್ತದ?"

ಮಹಾಮಾಯಾ ನಿಧಾನವಾಗಿ ಹೇಳಿದಳು. "ಅವರು ನೋಡಿದ್ದು, ಕೇಳಿದ್ದು, ಹುಡುಕಿದ್ದು ಎಲ್ಲಾ ನಿಮಗ ಕಾಣಸ್ತದ ಅತ್ತಿ. ನೀವು ನೋಡಿದ್ದು ಅವರ ಹೆಸರಿನಾಗ ಸೇರ್ತದ."

"ನಾ ನೋಡಿದ್ದು ಅಂವನ ಹೆಸರಿನಾಗ?"

"ಹೌದ್ರಿ."

ಶೇವಂತಾಬಾಯಿ ಅಕ್ತರಬೀಯ ಮುಖ ನೋಡಿದರು. ಅಕ್ತರಬೀ ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

"ಬ್ಯಾಡ" ಎಂದರು ಶೇವಂತಾಬಾಯಿ.

"ಅವ್ವ, ಅನಿಲನ ಫೋಟೊ ಅವ ಅದರಾಗ!"

"ಅಂವನ ಮಾರಿ ನನಗ ಗೊತ್ತದ. ನಾನೇ ಹಡದೀನಿ." ಸುಶೀಲಕುಮಾರರು ಏನೋ ಹೇಳಹೋದರು, ಅವರು ಬಿಡಲಿಲ್ಲ. "ಅಂವಂದು ಅಂವನ ಹೇಣ್ತಿ ಹತ್ರ ಇರ್ಲಿ. ಬೈಕು ಒಯ್ದಿದಿ, ನಾ ಏನರೆ ಅಂದೀನೇನು? ಇದು ಬಿಡು."

"ಹಂಗಾದ್ರ ನಂದು ಹಾಕ್ತೇನಿ. ಯಾರದರೆ ಒಬ್ಬರದು ಇರಬೇಕಲ್ಲ!"

"ನಿಂದಾ?" ಶೇವಂತಾಬಾಯಿ ಗಾಬರಿಯಾದರು. "ಆಮ್ಯಾಲ ನಿನ್ನ ಸಾಲ್ಯಾಗ ಹುಡುಗರ ಮುಂದ ಗ್ವಾಡಿ ಮ್ಯಾಲಿನ ಟಿವ್ಯಾಗ ಕುಸ್ತಿ ಬಂದ್ರ?"

ಸುಶೀಲಕುಮಾರರು ಟ್ಯಾಬಿನಿಂದ ಬೆರಳು ತೆಗೆದರು.

"ಏನು ಬಂದ್ರ?"

"ಕುಸ್ತಿ." ಹೇಳಿಬಿಟ್ಟ ಮೇಲೆ ಮುಚ್ಚಿಡುವುದೇನೆಂದು ಶೇವಂತಾಬಾಯಿ ಸೆರಗು ಕೊಡವಿ ಕುಳಿತರು. "ಹೆಣ್ಮಕ್ಕಳ ಕುಸ್ತಿ. ನಾ ಸಣ್ಣಾಕಿದ್ದಾಗ ಅಖಾಡದ ಹಂತ್ಯಾಕ ಹೋದ್ರ ನಮ್ಮಪ್ಪ ಕಾಲು ಮುರೀತೇನಿ ಅಂತಿದ್ದ. ಮರದ ಮ್ಯಾಲ ಹತ್ತಿ ನೋಡೀನಿ. ಈಗ ಹೆಣ್ಮಕ್ಕಳೇ ಆಡ್ತಾರ. ಏನು ಪೇಚು, ಏನು ಪಟ್ಟು! ಒಬ್ಬಾಕಿ ಇನ್ನೊಬ್ಬಾಕಿನ್ನ ಜ್ವಾಳದ ಚೀಲ ಎತ್ತಿ ಹಾಕಿದಂಗ ಹಾಕ್ತಾಳ. ನಾವಿಬ್ಬರೂ ಅಕ್ತರಬೀ ಮೊಮ್ಮಗನ ಫೋನಿನಾಗ ನೋಡ್ತಿದ್ವಿ."

"ಮತ್ತೇನಾತು?" ಎಂದ ಕೈಲಾಶ, ಮುಂದೆ ಸರಿದು.

"ಆಗೋದೇನು? ಆ ಹುಡುಗ ಫೋನ್ ತೆಗದಾಗೊಮ್ಮೆ ಕುಸ್ತಿನೇ ಬರ್ಲಕತ್ತು. ಬಾಜಾರದಾಗ ನಿಂತು 'ನಮ್ಮ ಅಜ್ಜಿ ಪೈಲ್ವಾನ್ ಆಗ್ಯಾಳ' ಅಂತ ತೋರಿಸಿದ."

"ನಾಕ್ ಕಟಾಯಾ ಮೇರಾ, ಮಾನ ತೆಗದ" ಎಂದಳು ಅಕ್ತರಬೀ, ನಗುತ್ತ ಕಣ್ಣೊರೆಸಿಕೊಂಡು.

"ಅದಕ್ಕೇ ಹೇಳ್ಲತ್ತೀನಿ. ನನ್ನ ಮಗ ಹೋಗಿ ವರ್ಷ ಆಗ್ಯದ. ಅಂವನ ಹೆಸರಿನಾಗ ಅಖಾಡ ಹಚ್ಚಲೇನು ನಾ? ಯಾರ ಹೆಸರೂ ಬ್ಯಾಡ. ಮಾಯಾ ಮಾಡಿದ್ದೇ ಬರಾಬರ್ ಅದ."

ಸುಶೀಲಕುಮಾರರು ತಾಯಿಯನ್ನೂ ಟ್ಯಾಬನ್ನೂ ಅದರ ಕೆಳಗಿನ ಶಾಲನ್ನೂ ಒಂದೊಂದಾಗಿ ನೋಡಿದರು. ಆದರ್ಶ ಶಿಕ್ಷಕರ ಸನ್ಮಾನದ ಟ್ಯಾಬಿನಲ್ಲಿ ಕುಸ್ತಿ. ವಾಟ್ಸಾಪ್ ಗುಂಪಿನಲ್ಲಿ ಹಾಕುವಂಥ ವಿಷಯ ಇದಾಗಿರಲಿಲ್ಲ. ಅವರು ತಮ್ಮನ ಐಡಿ ತುಂಬಿದ ಪರದೆಯನ್ನು ಮುಚ್ಚಿ, ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡರು. "ಊಟಕ್ಕ ಏಳ್ರಿ ಎಲ್ಲಾರು" ಎಂದರು. ಅಂಗಳ ಅವರ ಒಂದು ಮಾತನ್ನಾದರೂ ಪಾಲಿಸಬೇಕಿತ್ತು. ತಕ್ಷಣ ಎದ್ದಿತು.

ಊಟದ ಸಾಲು ಸಾಗುತ್ತಿದ್ದಾಗ ಮಹಾಮಾಯಾ ಬೇವಿನ ಕಟ್ಟೆಯ ಮೇಲೆ ಕುಳಿತು ಉಮಾಶ್ರೀಯನ್ನು ಕರೆದಳು. ಬಟನ್ ಫೋನು, ಅದರ ಚಾರ್ಜರು ಎರಡನ್ನೂ ತೋರಿಸಿದಳು.

"ಇದು ಇಲ್ಲೇ ಇರ್ಲಿ ಉಮಾ. ನಿನ್ನ ಹತ್ರ. ಊರಿನ ಅಂಕಿ ಊರಾಗೇ ಬರ್ಲಿ. ಒಬ್ಬೊಬ್ಬರದೇ ನಂಬರ್ ಬದಲಿ ಮಾಡಿಸು. ಎಲ್ಲಾರದೂ ಆದ ಮ್ಯಾಲ ರಿಚಾರ್ಜ್ ಮಾಡಬ್ಯಾಡ."

"ನಿಮಗ ಬ್ಯಾಡೇನ್ರಿ ವೈನಿ? ಅಣ್ಣಂದು..."

"ನಂಬರ್ ನಿಮ್ಮದೇ ಆಗಿತ್ತು. ಒಂದು ನಿಮಿಷ ತಡಿ, ಒಂದು ಕೆಲಸ ಅದ."

ಅವಳು ತನ್ನ ಫೋನಿನಲ್ಲಿ ಅನಿಲನ ಅಕೌಂಟ್ ತೆರೆದಳು. ಕೋಟೆಯ ಗೋಡೆ, ಎಣ್ಣೆಯ ತಲೆ, ಸ್ಕ್ಯಾನಿನ ಕಪ್ಪು ಹಾಳೆಗಳು, ಅವನು ಯಾರಿಗೂ ಕೇಳದೆ ಯಂತ್ರಕ್ಕೆ ಕೇಳಿದ ಪ್ರಶ್ನೆಗಳು ಎಲ್ಲ ಇದ್ದಲ್ಲೇ ಇದ್ದವು. ಅವಳು ಯಾವುದನ್ನೂ ತೆರೆಯಲಿಲ್ಲ. ಅಕೌಂಟಿಗೆ ಕಟ್ಟಿದ್ದ ಅನಿಲನ ನಂಬರು ತೆಗೆದು ಅಲ್ಲಿ ತನ್ನದನ್ನು ಬರೆದಳು. ಇದು ನೀವೇ ಎಂದು ಖಚಿತಪಡಿಸಿ ಎಂದಿತು ಅಕೌಂಟ್. ಹಳೆಯ ನಂಬರಿಗೆ ಕೊನೆಯದೊಂದು ಸಂದೇಶ ಕಳಿಸುವುದಾಗಿ ಹೇಳಿತು.

ಮನೆಯೊಳಗೆ ಅಕ್ತರಬೀಯ ಮನೆಯ ವೈಫೈ ಗೋಡೆ ದಾಟಿ ಬಂದಿರಬೇಕು. "ಎತ್ತು, ಎತ್ತು, ನಡಾ ಹಿಡಿ!" ಎಂದು ಶೇವಂತಾಬಾಯಿಯ ಪಿಸುಮಾತು ಅಗಸಿಯವರೆಗೆ ಹೋಯಿತು.

ಬಟನ್ ಫೋನು ಕುಂಯ್ ಎಂದಿತು.

ಊಟದ ಸಾಲಿನಲ್ಲಿ ಕೈಗಳು ನಿಂತವು. ಬಾಬುಮಿಯಾ ಹುಗ್ಗಿಯ ತುತ್ತನ್ನು ಹಾಗೇ ಹಿಡಿದು ಕತ್ತು ಎತ್ತಿದ.

"ಮಹಾಮಾಯಾಬಾಯಿ, ನಂದೇನ್ರಿ?"

ಅವಳು ಅಂಕಿಗಳನ್ನು ಮನಸ್ಸಿನಲ್ಲೇ ಓದಿಕೊಂಡಳು.

"ಇಲ್ರಿ ಚಾಚಾ" ಎಂದಳು. "ಇದು ನಂದು."